ಅಂಜಿಕೆಯೂ ದೇಹಧರ್ಮವೂ

(ಸಂಘದ ವಾರ್ಷಿಕೋತ್ಸವದ ಅಂಗವಾಗಿ ಜರುಗಿದ ರಕ್ಷಕರ ಸಭೆಯಲ್ಲಿ ಮಾಡಿದ ಭಾಷಣ)



ಕಾಸರಗೋಡಿನ ನಮ್ಮ ಈ ಕನ್ನಡ ಸಂಘದ ವಾರ್ಷಿಕೋತ್ಸವದಲ್ಲಿ ನಾಲ್ಕು ಮಾತುಗಳನ್ನಾಡಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದಾಗ, ನಾನು ಭಾಷೆಯನ್ನು ಕುರಿತೋ ಕಾವ್ಯವನ್ನು ಕುರಿತೋ ಮಾತನಾಡುವೆನೆಂದು ಅವರು ಎಣಿಸಿದ್ದಿರಬೇಕು. ಕನ್ನಡ ಪಂಡಿತನಿಂದ ಬೇರೇನನ್ನು ನಿರೀಕ್ಷಿಸಲಾದೀತು? ಆದರೆ ಈ ಸಲ ನಾನು ಆರಿಸಿಕೊಂಡ ವಿಷಯ ಅಂಜಿಕೆ. ಮನಸ್ಸಿನ ಅಂಜಿಕೆ ಮೈಯ ಮೇಲೆ ಮಾಡುವ ಕೆಲಸ. ನಾನು ವೈದ್ಯನಲ್ಲ. ಬಲ್ಲವರನ್ನು ಕೇಳಿ, ಪುಸ್ತಕಗಳನ್ನು ಓದಿ ತಿಳಿದುಕೊಂಡಷ್ಟನ್ನು ಹೇಳಬಲ್ಲೆ. ಹಾಗೆ ಓದುವಂತೆ ಮಾಡಿದ್ದು ನನ್ನದೇ ಒಂದು ತಪ್ಪು. ಅದನ್ನೇ ಮೊದಲು ತಮ್ಮ ಮುಂದೆ ಅರಿಕೆ ಮಾಡಿಕೊಳ್ಳುತ್ತೇನೆ.

ಕೆಲವು ವರ್ಷಗಳ ಹಿಂದಿನ ಮಾತು. ಎಸ್.ಎಸ್.ಎಲ್.ಸಿ. ಮಾದರಿ ಪರೀಕ್ಷೆಯ ದಿನ ಬೆಳಿಗ್ಗೆ ಹತ್ತನೆಯ ತರಗತಿಯ ಒಬ್ಬ ಹುಡುಗಿ ಹೊಟ್ಟೆಯನ್ನು ಅದುಮಿಕೊಂಡು ನನ್ನ ಬಳಿ ಬಂದಳು. "ಹೊಟ್ಟೆ ತುಂಬಾ ನೋಯುತ್ತದೆ ಸಾರ್" ಎಂದಳು. ಹಿಂದಿನ ವಾರವಷ್ಟೇ ಆಕೆಯ ತಾಯಿ, "ಪರೀಕ್ಷೆ ಎಂದರೆ ಸಾಕು ಮಾಷ್ಟ್ರೇ, ಇವಳಿಗೆ ಹೊಟ್ಟೆನೋವು. ಮದುವೆಮನೆಗೆ ಹೊರಟರೆ ಯಾವ ನೋವೂ ಇಲ್ಲ" ಎಂದು ನಕ್ಕಿದ್ದರು. ಆ ಮಾತು ನನ್ನ ಮನಸ್ಸಿನಲ್ಲಿತ್ತು. "ನೆಪ ಹೇಳಬೇಡ, ಹೋಗಿ ಬರೆ" ಎಂದು ಎಲ್ಲ ಮಕ್ಕಳೆದುರು ಗದರಿಸಿದೆ. ಮಗು ಮರುಮಾತಾಡದೆ ಹೋಗಿ ಕುಳಿತಿತು. ಪ್ರಶ್ನೆಪತ್ರಿಕೆ ಕೈಗೆ ಬಂದು ಸ್ವಲ್ಪ ಹೊತ್ತಾಗಿತ್ತಷ್ಟೆ. ಮುಖ ಬಿಳಿಚಿತು, ಹಣೆಯಲ್ಲಿ ಬೆವರೊಡೆಯಿತು, ಬೆಂಚಿನಿಂದ ಕೆಳಕ್ಕೆ ಕುಸಿದಳು. ಪರೀಕ್ಷಿಸಿದ ವೈದ್ಯರು ಅನಂತರ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು: "ಅವಳ ನೋವು ಸುಳ್ಳಲ್ಲ ಮಾಷ್ಟ್ರೇ. ನೋವು ಹೊಟ್ಟೆಯಲ್ಲೇ ಇದೆ. ಕಾರಣ ಮಾತ್ರ ಹೊಟ್ಟೆಯಲ್ಲಿಲ್ಲ."

ಆ ಮಾತು ನನ್ನನ್ನು ಚುಚ್ಚಿತು. ಚುಚ್ಚಲು ಮತ್ತೊಂದು ಕಾರಣವೂ ಇತ್ತು. ಈ ಸತ್ಯವನ್ನು ನಾನು ಬಲ್ಲವನೇ ಆಗಿದ್ದೆ. ಇಷ್ಟು ವರ್ಷ ತರಗತಿಯಲ್ಲಿ ಪಾಠ ಹೇಳಿದವನೇ ಆಗಿದ್ದೆ. ಭರತಮುನಿಯ ನಾಟ್ಯಶಾಸ್ತ್ರದಲ್ಲಿ ಎಂಟು ಸಾತ್ತ್ವಿಕ ಭಾವಗಳನ್ನು ಹೇಳಿದೆ: ಸ್ತಂಭ, ಸ್ವೇದ, ರೋಮಾಂಚ, ಸ್ವರಭೇದ, ವೇಪಥು, ವೈವರ್ಣ್ಯ, ಅಶ್ರು, ಪ್ರಲಯ. ಎಂದರೆ ಮರಗಟ್ಟುವುದು, ಬೆವರುವುದು, ಮೈನವಿರೇಳುವುದು, ಗಂಟಲು ಕಟ್ಟುವುದು, ನಡುಗುವುದು, ಬಣ್ಣಗೆಡುವುದು, ಕಣ್ಣೀರು ಬರುವುದು, ಎಚ್ಚರದಪ್ಪುವುದು. ಕೈಯನ್ನು ಎತ್ತೆಂದರೆ ಎತ್ತಬಹುದು, ಹುಬ್ಬನ್ನು ಹಾರಿಸೆಂದರೆ ಹಾರಿಸಬಹುದು. ಆದರೆ ಬೆವರೆಂದರೆ ಬೆವರಲಾಗದು, ಬಿಳಿಚೆಂದರೆ ಬಿಳಿಚಲಾಗದು. ಮನಸ್ಸು ನಿಜವಾಗಿ ಕಲಕಿದಾಗ ಮಾತ್ರ ಇವು ಮೂಡುತ್ತವೆ. ಆದ್ದರಿಂದಲೇ ನಮ್ಮ ಪೂರ್ವಿಕರು ಇವನ್ನು ಉಳಿದ ಅಭಿನಯದಿಂದ ಬೇರ್ಪಡಿಸಿ ಪ್ರತ್ಯೇಕವಾದೊಂದು ವರ್ಗದಲ್ಲಿಟ್ಟರು. ಆ ಮಗುವಿನ ಮುಖದಲ್ಲಿ ವೈವರ್ಣ್ಯವಿತ್ತು, ಸ್ವೇದವಿತ್ತು, ಕಡೆಗೆ ಪ್ರಲಯವೂ ಆಯಿತು. ಪುಸ್ತಕದಲ್ಲಿ ಓದಿಸುತ್ತಿದ್ದುದನ್ನು ಎದುರಿಗೆ ಕಂಡಾಗ ನಾನು ಗುರುತಿಸದೆ ಹೋದೆ.

ನಮ್ಮ ಆಡುಮಾತೂ ಇದನ್ನು ಬಲ್ಲದು. ಎದೆ ಧಸಕ್ಕೆಂದಿತು, ಬಾಯಿ ಒಣಗಿತು, ನಾಲಗೆ ಅಂಗುಳಕ್ಕೆ ಅಂಟಿತು, ಕೈಕಾಲು ತಣ್ಣಗಾಯಿತು, ಹೊಟ್ಟೆಯಲ್ಲಿ ತಳಮಳವಾಯಿತು ಎಂದು ನಮ್ಮ ಅಜ್ಜಿಯಂದಿರು ಹೇಳುತ್ತಿದ್ದುದು ಅಲಂಕಾರದ ಮಾತಲ್ಲ. ಒಂದೊಂದೂ ದೇಹದಲ್ಲಿ ನಡೆಯುವ ಒಂದೊಂದು ಕ್ರಿಯೆಯ ನೇರವಾದ ವರದಿ. ಆ ಕ್ರಿಯೆಗಳು ಹೇಗೆ ನಡೆಯುತ್ತವೆ ಎಂಬುದನ್ನು ಈಗ ಸ್ವಲ್ಪ ನೋಡೋಣ.

ರಾತ್ರಿ ತೋಟದ ಹಾದಿಯಲ್ಲಿ ನಡೆಯುತ್ತಿರುವಾಗ ಕಾಲ ಬಳಿ ಏನೋ ಸರಸರನೆ ಹರಿದಂತಾಯಿತೆನ್ನಿ. ಅದು ಹಾವೋ ಒಣಗಿದ ಅಡಿಕೆಸೋಗೆಯೋ ಎಂಬುದನ್ನು ಬುದ್ಧಿ ನಿರ್ಧರಿಸುವ ಮೊದಲೇ ನಾವು ಹಿಂದಕ್ಕೆ ಹಾರಿರುತ್ತೇವೆ. ಮಿದುಳಿನ ಒಳಗೆ ಬಾದಾಮಿಯಾಕಾರದ ಒಂದು ಪುಟ್ಟ ಭಾಗವಿದೆ. ಅಪಾಯದ ಸುಳಿವನ್ನು ಮೊದಲು ಹಿಡಿಯುವವುಗಳಲ್ಲಿ ಅದೂ ಒಂದು. ಅದರ ಕರೆ ಮಿದುಳಿನ ಬುಡದಲ್ಲಿರುವ ಹೈಪೋಥಲಾಮಸ್ ಎಂಬ ಭಾಗಕ್ಕೆ ಮುಟ್ಟುತ್ತದೆ. ಅಲ್ಲಿಂದ ನರಗಳ ಮೂಲಕ ಅಪ್ಪಣೆ ಮೈಯೆಲ್ಲ ಹರಡುತ್ತದೆ. ನಮ್ಮ ಎರಡು ಮೂತ್ರಪಿಂಡಗಳ ನೆತ್ತಿಯ ಮೇಲೆ ಟೊಪ್ಪಿಗೆಯಿಟ್ಟಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳು ಕ್ಷಣಮಾತ್ರದಲ್ಲಿ ಅಡ್ರಿನಲಿನ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತವೆ. ಜಪಾನಿನ ರಸಾಯನಶಾಸ್ತ್ರಜ್ಞ ಟಾಕಮಿನೆ ಈ ರಸವನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದ ವಿಷಯವನ್ನು ೧೯೦೧ರಲ್ಲಿ ಪ್ರಕಟಪಡಿಸಿದನು.

ಆಗ ನಡೆಯುವುದು ಊರಿಗೆ ದಂಡು ಬಂದಾಗಿನ ವ್ಯವಸ್ಥೆ. ಎಲ್ಲ ಸಂಪತ್ತೂ ಕಾಲಿಗೆ, ತೋಳಿಗೆ, ಎದೆಗೆ. ಉಳಿದ ಕೆಲಸಗಳೆಲ್ಲ ತಾತ್ಕಾಲಿಕವಾಗಿ ಬಂದ್. ಹೃದಯ ವೇಗವಾಗಿಯೂ ಬಲವಾಗಿಯೂ ಬಡಿಯುತ್ತದೆ. ಅದೇ ಎದೆ ಧಸಕ್ಕೆನ್ನುವುದು. ಚರ್ಮದ ಸಣ್ಣ ರಕ್ತನಾಳಗಳು ಬಿಗಿಯುತ್ತವೆ. ರಕ್ತ ಮಾಂಸಖಂಡಗಳಿಗೆ ಹರಿಯುತ್ತದೆ. ಅದರಿಂದಲೇ ಮುಖ ಬಿಳಿಚುವುದು, ಕೈಕಾಲು ತಣ್ಣಗಾಗುವುದು. ಯಕೃತ್ತು ತಾನು ಕೂಡಿಟ್ಟ ಸಕ್ಕರೆಯನ್ನು ರಕ್ತಕ್ಕೆ ಸುರಿಯುತ್ತದೆ. ಶ್ವಾಸದ ದಾರಿ ಹಿಗ್ಗುತ್ತದೆ, ಕಣ್ಣಿನ ಪಾಪೆ ಅಗಲವಾಗುತ್ತದೆ, ಅಂಗೈ ಬೆವರುತ್ತದೆ. ಜೀರ್ಣಕಾರ್ಯಕ್ಕೆ ಆಗ ಬಿಡುವು. ಬಾಯಲ್ಲಿ ಜೊಲ್ಲು ಕಡಮೆಯಾಗಿ ಮಂದವಾಗುತ್ತದೆ. ಜಠರದಿಂದ ಆಹಾರ ಮುಂದೆ ಸರಿಯುವುದು ನಿಧಾನವಾಗುತ್ತದೆ. ದೊಡ್ಡ ಕರುಳು ಮಾತ್ರ ಅದಕ್ಕೆ ವಿರುದ್ಧವಾಗಿ ಹೆಚ್ಚು ಚಲಿಸುತ್ತದೆ. ಮೇಲೆ ತಡೆ, ಕೆಳಗೆ ಸೆಳೆತ. ಹೊಟ್ಟೆ ಕಿವುಚದೆ ಇನ್ನೇನಾದೀತು? ಪರೀಕ್ಷೆಯ ಬೆಳಿಗ್ಗೆ ಮಕ್ಕಳು ಎರಡು ಮೂರು ಬಾರಿ ಕಕ್ಕಸಿಗೆ ಹೋಗುವುದು ಇದೇ ಕಾರಣದಿಂದ. ಮದುವೆಮನೆಯಲ್ಲಿ ಹೊಟ್ಟೆನೋವು ಬಾರದಿರುವುದೂ ಇದೇ ಕಾರಣದಿಂದ. ಅಲ್ಲಿ ಅಂಜಿಸುವುದು ಏನೂ ಇಲ್ಲ. ಆ ತಾಯಿ ನೆಪಕ್ಕೆ ಸಾಕ್ಷಿಯೆಂದು ಎಣಿಸಿದ್ದು ನಿಜವಾಗಿ ರೋಗಕ್ಕೆ ಸಾಕ್ಷಿಯಾಗಿತ್ತು.

ಮನಸ್ಸು ಕೆಟ್ಟರೆ ಹೊಟ್ಟೆ ಕೆಡುತ್ತದೆ ಎಂಬುದನ್ನು ಕಣ್ಣಾರೆ ಕಂಡ ವೈದ್ಯರ ಕಥೆ ಸ್ವಾರಸ್ಯವಾದುದು. ೧೮೨೨ರಲ್ಲಿ ಅಮೆರಿಕದ ಮ್ಯಾಕಿನಾ ದ್ವೀಪದಲ್ಲಿ ಸೇಂಟ್ ಮಾರ್ಟಿನ್ ಎಂಬ ತರುಣನಿಗೆ ಆಕಸ್ಮಿಕವಾಗಿ ಬಂದೂಕಿನ ಗುಂಡು ತಗುಲಿತು. ಗಾಯ ಮಾಯಿತು, ಆದರೆ ಜಠರಕ್ಕೆ ಹೊರಗಿನಿಂದ ಒಂದು ರಂಧ್ರ ಹಾಗೆಯೇ ಉಳಿಯಿತು. ಚಿಕಿತ್ಸೆ ಮಾಡಿದ ಸೈನ್ಯದ ವೈದ್ಯ ವಿಲಿಯಂ ಬೋಮಾಂಟ್ ಆ ಕಿಂಡಿಯ ಮೂಲಕ ವರ್ಷಗಟ್ಟಲೆ ಜೀರ್ಣಕ್ರಿಯೆಯನ್ನು ನೋಡಿ ೧೮೩೩ರಲ್ಲಿ ಗ್ರಂಥ ಬರೆದನು. ಆ ತರುಣ ಸಿಟ್ಟುಗೊಂಡಾಗ ಜೀರ್ಣಕಾರ್ಯ ಕೆಡುತ್ತಿದ್ದುದನ್ನು ಅವನು ಗುರುತಿಸಿದನು. ಮುಂದೆ ೧೮೯೭ರ ಸುಮಾರಿಗೆ ಹಾರ್ವರ್ಡಿನಲ್ಲಿ ವೈದ್ಯವಿದ್ಯಾರ್ಥಿಯಾಗಿದ್ದ ವಾಲ್ಟರ್ ಕ್ಯಾನನ್, ಆಗಷ್ಟೇ ಬಳಕೆಗೆ ಬಂದಿದ್ದ ಎಕ್ಸ್ ಕಿರಣಗಳಿಂದ ಬೆಕ್ಕುಗಳ ಜಠರದ ಚಲನೆಯನ್ನು ನೋಡುತ್ತಿದ್ದನು. ಬೆಕ್ಕು ಕೆರಳಿದೊಡನೆ ಜಠರದ ಅಲೆಗಳು ನಿಂತುಬಿಡುತ್ತಿದ್ದವು. ಅದನ್ನು ನೇವರಿಸಿ ಸಮಾಧಾನಪಡಿಸಿದರೆ ಮತ್ತೆ ಮೊದಲಾಗುತ್ತಿದ್ದವು. ಈ ಚಿಕ್ಕ ನೋಟದಿಂದ ಹೊರಟು ಅವನು ನೋವು, ಹಸಿವು, ಭಯ, ಕೋಪಗಳಿಂದ ದೇಹದಲ್ಲಾಗುವ ಮಾರ್ಪಾಡುಗಳನ್ನು ಕುರಿತು ೧೯೧೫ರಲ್ಲಿ ಪ್ರಸಿದ್ಧವಾದ ಪುಸ್ತಕವನ್ನು ಬರೆದನು. ಕಾದಾಡು, ಇಲ್ಲವೆ ಓಡು. ಎರಡಕ್ಕೂ ದೇಹ ಮಾಡಿಕೊಳ್ಳುವ ಸಿದ್ಧತೆ ಒಂದೇ ಎಂಬುದು ಅವನ ಸಿದ್ಧಾಂತ.

ನೇವರಿಸಿದರೆ ಮತ್ತೆ ಮೊದಲಾಗುತ್ತದೆ ಎಂಬ ಆ ಮಾತನ್ನು ತಾಯಂದಿರು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಬೇಕು. ಅದಕ್ಕೆ ಕೊನೆಯಲ್ಲಿ ಮರಳಿ ಬರುತ್ತೇನೆ.

ಇಲ್ಲಿಯವರೆಗೆ ಹೇಳಿದ್ದು ಮೊದಲನೆಯ ಅಲೆ, ಕ್ಷಣಗಳ ಲೆಕ್ಕದ್ದು. ಎರಡನೆಯ ಅಲೆ ನಿಮಿಷಗಳ ಲೆಕ್ಕದ್ದು. ಹೈಪೋಥಲಾಮಸ್ ತನ್ನ ಕೆಳಗಿರುವ ಪಿಟ್ಯುಟರಿ ಗ್ರಂಥಿಗೆ ಹೇಳುತ್ತದೆ, ಅದು ರಕ್ತದ ಮೂಲಕ ಅಡ್ರಿನಲ್ ಗ್ರಂಥಿಯ ಹೊರಪದರಕ್ಕೆ ಹೇಳಿಕಳುಹಿಸುತ್ತದೆ, ಆಗ ಕಾರ್ಟಿಸಾಲ್ ಎಂಬ ಇನ್ನೊಂದು ರಸ ಹೊರಡುತ್ತದೆ. ದಂಡಿಗೆ ದವಸ ಒದಗಿಸುವ ಕೆಲಸ ಇದರದು. ರಕ್ತದಲ್ಲಿ ಸಕ್ಕರೆ ಇಳಿಯದಂತೆ ನೋಡಿಕೊಳ್ಳುತ್ತದೆ, ಅಷ್ಟರಮಟ್ಟಿಗೆ ಉಪಕಾರಿಯೇ. ಆದರೆ ರೋಗನಿರೋಧದ ಕೆಲಸವನ್ನು ಹತ್ತಿಕ್ಕುತ್ತದೆ, ನೆನಪಿನ ಬಾಗಿಲನ್ನೂ ಸ್ವಲ್ಪ ಮುಚ್ಚುತ್ತದೆ. ೨೦೦೦ದಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಆರೋಗ್ಯವಂತರಿಗೆ ಕೆಲವು ಪದಗಳನ್ನು ಕಲಿಸಿ, ಮರುದಿನ ಪರೀಕ್ಷಿಸುವುದಕ್ಕೆ ಒಂದು ಗಂಟೆ ಮೊದಲು, ದೇಹದೊಳಗೆ ಕಾರ್ಟಿಸಾಲ್ ಆಗಿ ಮಾರ್ಪಡುವ ಔಷಧವನ್ನು ಕೊಟ್ಟರು. ಕಲಿತದ್ದು ಸರಿಯಾಗಿ ನೆನಪಿಗೆ ಬರಲಿಲ್ಲ. ಕಲಿಯುವ ಮೊದಲು ಕೊಟ್ಟಾಗ ಈ ತೊಂದರೆ ಕಂಡುಬರಲಿಲ್ಲ. ಎಂದರೆ, ಕಲಿತದ್ದು ಅಳಿಸಿಹೋಗುವುದಿಲ್ಲ. ಬೇಕಾದ ಗಳಿಗೆಯಲ್ಲಿ ಕೈಗೆ ಸಿಕ್ಕುವುದಿಲ್ಲ. ಪರೀಕ್ಷೆ ಮುಗಿದು ಬಸ್ಸಿಗೆ ಕಾಯುತ್ತಿರುವಾಗ ಉತ್ತರಗಳೆಲ್ಲ ತಾವಾಗಿ ನೆನಪಾಗುವ ಅನುಭವ ಇಲ್ಲಿ ಕುಳಿತಿರುವ ಎಷ್ಟು ಮಂದಿಗೆ ಇಲ್ಲ? "ಓದಿರಲಿಲ್ಲ, ಅದಕ್ಕೇ ಬರೆಯಲಿಲ್ಲ" ಎಂದು ನಾವು ಮಕ್ಕಳಿಗೆ ಹೇಳುವ ಮೊದಲು ಈ ಸಂಗತಿಯನ್ನೂ ತೂಗಿನೋಡುವುದು ನ್ಯಾಯ.

ಇನ್ನು, ಆ ಹುಡುಗಿ ಬಿದ್ದದ್ದೇಕೆ? ಓಟಕ್ಕೆ ಸಿದ್ಧವಾದ ದೇಹ ಬೀಳುವುದೆಂತು? ಗಾಡಿ ಇಳಿಜಾರಿನಲ್ಲಿ ವೇಗವಾಗಿ ಓಡುವಾಗ ಹಠಾತ್ತಾಗಿ ಬ್ರೇಕ್ ಹಾಕಿದಂತೆ, ಕೆಲವೊಮ್ಮೆ ದೇಹದ ತಡೆಹಿಡಿಯುವ ನರ ಅತಿಯಾಗಿ ಕೆಲಸಮಾಡಿಬಿಡುತ್ತದೆ. ಹೃದಯದ ಬಡಿತವೂ ರಕ್ತದ ಒತ್ತಡವೂ ತಟ್ಟನೆ ಇಳಿದು, ಮಿದುಳಿಗೆ ರಕ್ತ ಸಾಲದೆ ಎಚ್ಚರ ತಪ್ಪುತ್ತದೆ. ಹಾಗಾದವರನ್ನು ಎತ್ತಿ ಕೂರಿಸಬಾರದು. ಸಮತಲವಾಗಿ ಮಲಗಿಸಿ ಕಾಲುಗಳನ್ನು ಸ್ವಲ್ಪ ಮೇಲೆತ್ತಿ ಹಿಡಿಯಬೇಕು. ಸಾಮಾನ್ಯವಾಗಿ ಬಲುಬೇಗ ಚೇತರಿಸಿಕೊಳ್ಳುತ್ತಾರೆ.

ಇಷ್ಟೆಲ್ಲ ಕೇಳಿ ಅಂಜಿಕೆಯೆಂಬುದು ಶತ್ರುವೆಂದು ತಾವು ಭಾವಿಸಬಾರದು. ಹಾವಿನ ಮುಂದೆ ಅದು ನಮ್ಮನ್ನು ಕಾಯ್ದ ಬಂಧು. ಪರೀಕ್ಷೆಯ ಹಿಂದಿನ ದಿನ ನಿದ್ದೆ ತೂಗುವ ಹುಡುಗನನ್ನು ಪುಸ್ತಕದ ಮುಂದೆ ಕೂರಿಸುವುದೂ ಸ್ವಲ್ಪ ಅಂಜಿಕೆಯೇ. ಆದರೆ ಈ ವ್ಯವಸ್ಥೆ ಏರ್ಪಟ್ಟಿರುವುದು ಅಲ್ಪಕಾಲಕ್ಕೆ. ದಂಡು ಬಂದುಹೋದ ಮೇಲೆ ಊರ ಬಾಗಿಲು ತೆರೆಯಬೇಕು, ಸಂತೆ ನಡೆಯಬೇಕು, ಗದ್ದೆ ಉಳಬೇಕು. ದಂಡು ಊರಲ್ಲೇ ಬೀಡುಬಿಟ್ಟರೆ? ತಿಂಗಳುಗಟ್ಟಲೆ ಅಂಜಿಕೆಯಲ್ಲೇ ಬಾಳುವ ದೇಹದ ಗತಿಯೂ ಅದೇ.

ಇದನ್ನು ಮೊದಲು ಸ್ಪಷ್ಟವಾಗಿ ತೋರಿಸಿದವರಲ್ಲಿ ಹ್ಯಾನ್ಸ್ ಸೆಲ್ಯೆ ಪ್ರಮುಖನು. ೧೯೩೬ರಲ್ಲಿ ಕೆನಡಾದ ಮಾಂಟ್ರಿಯಲ್ ನಗರದಲ್ಲಿದ್ದುಕೊಂಡು ಅವನು ಪ್ರಕಟಿಸಿದ ಒಂದು ಚಿಕ್ಕ ಲೇಖನ ಹೆಸರಾಯಿತು. ಇಲಿಗಳನ್ನು ಚಳಿಗೊಡ್ಡಿದರೂ, ಗಾಯಪಡಿಸಿದರೂ, ಅತಿಯಾಗಿ ದುಡಿಸಿದರೂ, ವಿಷವಸ್ತುವನ್ನು ಕೊಟ್ಟರೂ ಒಳಗೆ ಕಾಣುತ್ತಿದ್ದುದು ಒಂದೇ ಬಗೆಯ ಕೆಡುಕು: ಅಡ್ರಿನಲ್ ಗ್ರಂಥಿಗಳು ಊದಿಕೊಂಡಿದ್ದವು, ರೋಗನಿರೋಧಕ್ಕೆ ಸಂಬಂಧಿಸಿದ ಥೈಮಸ್ ಗ್ರಂಥಿ ಕುಗ್ಗಿತ್ತು, ಜಠರದಲ್ಲಿ ಹುಣ್ಣಾಗಿತ್ತು. ಮೊದಲು ಎಚ್ಚರ, ಆಮೇಲೆ ತಡೆದುಕೊಳ್ಳುವಿಕೆ, ಕೊನೆಗೆ ಬಳಲಿ ಸೋಲುವುದು ಎಂದು ಅವನು ಮೂರು ಹಂತಗಳನ್ನು ಹೇಳಿದನು. ಅವನ ಮಾತುಗಳಲ್ಲಿ ಕೆಲವು ಮುಂದೆ ತಿದ್ದುಪಡಿಯಾಗಿವೆ. ಮನುಷ್ಯರ ಹೊಟ್ಟೆಹುಣ್ಣಿಗೆ ಚಿಂತೆಯೇ ಮೂಲವೆಂದು ಬಹುಕಾಲ ನಂಬಿದ್ದರು. ಬಹುಪಾಲು ಹುಣ್ಣುಗಳಿಗೆ ಒಂದು ಬಗೆಯ ಬ್ಯಾಕ್ಟೀರಿಯಾ ಕಾರಣವೆಂದು ತೋರಿಸಿದ ಆಸ್ಟ್ರೇಲಿಯಾದ ಮಾರ್ಷಲ್ ಮತ್ತು ವಾರನ್ ಎಂಬ ವೈದ್ಯರಿಗೆ ೨೦೦೫ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಆದ್ದರಿಂದ ಎಲ್ಲ ನೋವನ್ನೂ ಮನಸ್ಸಿನ ತಲೆಗೆ ಕಟ್ಟುವುದೂ ತಪ್ಪು. ಪದೇಪದೇ ಬರುವ ಹೊಟ್ಟೆನೋವನ್ನು, ಎದೆನೋವನ್ನು, ಮೂರ್ಛೆಯನ್ನು ವೈದ್ಯರಿಗೆ ತೋರಿಸಿಯೇ ತೀರಬೇಕು.

ಆದರೂ ಸೆಲ್ಯೆಯ ಮೂಲಮಾತು ಉಳಿದಿದೆ. ೧೯೯೧ರಲ್ಲಿ ಪ್ರಕಟವಾದ ಒಂದು ಸಂಶೋಧನೆಯಲ್ಲಿ ೩೯೪ ಮಂದಿ ಆರೋಗ್ಯವಂತರ ಮೂಗಿಗೆ ಶೀತದ ವೈರಸ್ ಇರುವ ಹನಿಗಳನ್ನು ಹಾಕಿ ನೋಡಿದರು. ಮನಸ್ಸಿನ ಒತ್ತಡ ಹೆಚ್ಚಿದ್ದವರಲ್ಲಿ ಶೀತ ಹಿಡಿದವರ ಪ್ರಮಾಣವೂ ಹೆಚ್ಚಾಗಿತ್ತು. ನನಗೆ ಇನ್ನೂ ಹೆಚ್ಚು ನಾಟಿದ್ದು ೧೯೯೮ರಲ್ಲಿ ಅಮೆರಿಕದ ಒಹಾಯೋದಿಂದ ಬಂದ ವರದಿ. ದಂತವೈದ್ಯ ಕಲಿಯುತ್ತಿದ್ದ ೧೧ ಮಂದಿ ವಿದ್ಯಾರ್ಥಿಗಳು ತಮ್ಮ ಅಂಗುಳದಲ್ಲಿ ಒಂದೇ ಅಳತೆಯ ಪುಟ್ಟ ಗಾಯವನ್ನು ಎರಡು ಸಲ ಮಾಡಿಸಿಕೊಂಡರು: ಒಮ್ಮೆ ಬೇಸಗೆ ರಜೆಯಲ್ಲಿ, ಒಮ್ಮೆ ಪರೀಕ್ಷೆಗೆ ಮೂರು ದಿನ ಮುಂಚೆ. ಪರೀಕ್ಷೆಯ ಕಾಲದ ಗಾಯ ಮಾಯಲು ಸರಾಸರಿಯಲ್ಲಿ ಶೇಕಡಾ ೪೦ರಷ್ಟು ಹೆಚ್ಚು ಸಮಯ ಬೇಕಾಯಿತು. ಒಬ್ಬನದಾದರೂ ರಜೆಯ ಕಾಲದಷ್ಟು ಬೇಗ ಮಾಯಲಿಲ್ಲ. ಮೈ ಅದೇ, ಗಾಯ ಅದೇ, ವಯಸ್ಸು ಅದೇ. ನಡುವೆ ನಿಂತದ್ದು ಪರೀಕ್ಷೆಯೊಂದೇ. ಹಿರಿಯರ ವಿಷಯದಲ್ಲಿಯೂ ಇದು ಸಲ್ಲುತ್ತದೆ. ಬಿಡದ ಚಿಂತೆಯಿಂದ ನಿದ್ದೆ ಕೆಡುತ್ತದೆ, ರಕ್ತದ ಒತ್ತಡ ಏರುತ್ತದೆ, ಸಕ್ಕರೆ ಕಾಯಿಲೆಯವರಿಗೆ ಸಕ್ಕರೆ ಹತೋಟಿ ತಪ್ಪುತ್ತದೆ, ಹೆಣ್ಣುಮಕ್ಕಳ ತಿಂಗಳ ಕ್ರಮವೂ ಏರುಪೇರಾಗುತ್ತದೆ.

ಗಡಿನಾಡಿನ ಕನ್ನಡ ಮಕ್ಕಳಿಗೆ ಈ ಅಂಜಿಕೆಯ ಜೊತೆಗೆ ಇನ್ನೊಂದು ಸೇರಿಕೊಳ್ಳುತ್ತದೆ. ಮನೆಯಲ್ಲಿ ತುಳುವೋ ಹವ್ಯಕವೋ ಕೊಂಕಣಿಯೋ ಮರಾಟಿಯೋ, ಶಾಲೆಯಲ್ಲಿ ಕನ್ನಡ, ಕಚೇರಿಯ ಕಿಟಕಿಯಲ್ಲಿ ಮಲೆಯಾಳ, ಹತ್ತನೆಯ ತರಗತಿ ದಾಟಿದೊಡನೆ ಇಂಗ್ಲಿಷ್. ಇಷ್ಟು ಭಾಷೆಗಳು ನಮ್ಮ ಸಂಪತ್ತು ಹೌದು. ಆದರೆ ಗೊತ್ತಿರುವ ಉತ್ತರವನ್ನು ಗೊತ್ತಿಲ್ಲದ ಭಾಷೆಯಲ್ಲಿ ಹೇಳಬೇಕಾದ ಮಗುವಿಗೆ ನಾಲಗೆ ಒಣಗಿದರೆ, ಅದು ದಡ್ಡತನವಲ್ಲ. ತಡವರಿಸಿದ್ದಕ್ಕೆ ಯಾರಾದರೂ ನಕ್ಕರೆ ಅಂಜಿಕೆ ಇಮ್ಮಡಿಯಾಗುತ್ತದೆ. ಇಮ್ಮಡಿಯಾದ ಅಂಜಿಕೆಗೆ ನಾಲಗೆ ಮತ್ತಷ್ಟು ಒಣಗುತ್ತದೆ. ಕನ್ನಡದಲ್ಲಿ ಓದಿದ್ದರಿಂದಲೇ ಮಗು ಹಿಂದುಳಿಯಿತೆಂದು ತಂದೆತಾಯಿ ಆಗ ಭಾವಿಸಿಬಿಡುತ್ತಾರೆ. ಹಿಂದುಳಿದದ್ದು ಓದಲ್ಲ, ಕಟ್ಟಿದ್ದು ಗಂಟಲು.

ಮಾಡಬೇಕಾದುದೇನು? ದೊಡ್ಡ ಉಪಾಯಗಳು ಬೇಡ. ದೇಹಕ್ಕೆ ವೇಗ ಕೊಡುವ ನರವಿರುವಂತೆಯೇ ತಗ್ಗಿಸುವ ನರವೂ ಇದೆ. ಉಸಿರನ್ನು ಹೊರಕ್ಕೆ ಬಿಡುವಾಗ ಹೃದಯದ ಬಡಿತ ತುಸು ನಿಧಾನವಾಗುತ್ತದೆ. ಆದ್ದರಿಂದ ಪ್ರಶ್ನೆಪತ್ರಿಕೆ ಕೈಗೆ ಬಂದಾಗ ಮಕ್ಕಳು ನಿಧಾನವಾಗಿ ಉಸಿರೆಳೆದು, ಅದಕ್ಕಿಂತಲೂ ನಿಧಾನವಾಗಿ ಹೊರಬಿಡಲಿ. ಹೀಗೆ ಹತ್ತು ಸಲ. ಖಾಲಿ ಹೊಟ್ಟೆಯಲ್ಲಿ ಬರಬಾರದು. ಎರಡು ದೋಸೆಯೋ ಒಂದಿಷ್ಟು ಗಂಜಿಯೋ ಸಾಕು. ಹಿಂದಿನ ರಾತ್ರಿಯ ನಿದ್ದೆಯನ್ನು ಓದಿಗೆ ಬಲಿಗೊಡಬಾರದು. ಸಂಜೆ ಒಂದು ಗಳಿಗೆ ಓಡಾಡಲಿ, ಆಡಲಿ. ಓಡುವುದಕ್ಕಾಗಿ ಸಿದ್ಧವಾದ ಮೈ ಓಡಿದರೆ ಹಗುರಾಗುತ್ತದೆ. ಹಿರಿಯರಾದ ನಾವು ಮಾಡಬೇಕಾದುದು ಇನ್ನೂ ಸುಲಭ. ಪಕ್ಕದ ಮನೆಯ ಮಗುವಿನ ಅಂಕಗಳನ್ನು ಊಟದ ಎಲೆಯ ಮುಂದೆ ಎತ್ತದಿರುವುದು. ನೋವೆಂದರೆ ಮೊದಲು ನಂಬುವುದು, ಆಮೇಲೆ ವಿಚಾರಿಸುವುದು. ಬೆಕ್ಕಿನ ಜಠರವೂ ನೇವರಿಸಿದ ಕೈಯನ್ನು ಬಲ್ಲದು, ಮಗುವಿನದು ಬಲ್ಲದೆ?

ಕೊನೆಯದಾಗಿ ನನ್ನದೇ ಇನ್ನೊಂದು ಕಥೆ. ನನಗೆ ಹದಿನೇಳು ವರ್ಷವಾಗಿದ್ದಾಗ ನಮ್ಮೂರಿನ ತಾಳಮದ್ದಳೆಯಲ್ಲಿ 'ಉತ್ತರ ಗೋಗ್ರಹಣ'ದ ಉತ್ತರಕುಮಾರನ ಅರ್ಥ ಹೇಳಲು ನನ್ನನ್ನು ಕೂರಿಸಿದರು. ಹೆಂಗಳೆಯರ ಮುಂದೆ ಜಂಬ ಕೊಚ್ಚುವ ಭಾಗವನ್ನು ಉರು ಹೊಡೆದಿದ್ದೆ. ಭಾಗವತರ ಪದ ಮುಗಿಯಿತು, ಮದ್ದಳೆ ನಿಂತಿತು, ಸಭೆ ನನ್ನತ್ತ ತಿರುಗಿತು. ನನ್ನ ಬಾಯಿಂದ ಒಂದು ಅಕ್ಷರ ಹೊರಡಲಿಲ್ಲ. ಕೌರವಸೇನೆಯನ್ನು ಕಾಣುವ ಮೊದಲೇ ನನ್ನ ಉತ್ತರಕುಮಾರ ನಡುಗಿಬಿಟ್ಟಿದ್ದ! ಸಭೆ ನಕ್ಕಿತು. ಎದುರಿಗೆ ಬೃಹನ್ನಳೆಯ ಅರ್ಥಧಾರಿಗಳಾಗಿ ಕುಳಿತಿದ್ದ ಹಿರಿಯರು ಮಾತ್ರ ನಗಲಿಲ್ಲ. ನನಗೆ ಒಂದೇ ಮಾತಿನಲ್ಲಿ ಉತ್ತರಿಸಬಹುದಾದ ಸಣ್ಣದೊಂದು ಪ್ರಶ್ನೆಯನ್ನು ಕೇಳಿದರು. ಹೌದೆಂದೆ. ಮತ್ತೊಂದು ಕೇಳಿದರು. ಹೀಗೆ ಮೂರು ನಾಲ್ಕು ಪ್ರಶ್ನೆಗಳಾಗುವಷ್ಟರಲ್ಲಿ ನನ್ನ ನಾಲಗೆಗೆ ನೀರು ಬಂತು. ಕಥೆ ಮುಂದೆ ಸಾಗಿತು.

ಆ ಪ್ರಸಂಗದಲ್ಲಿ ಅರ್ಜುನನೂ ಮಾಡಿದ್ದು ಅದನ್ನೇ ಅಲ್ಲವೆ? ರಥದಿಂದ ಹಾರಿ ಓಡಿದ ಹುಡುಗನನ್ನು ಹಿಡಿದು ತಂದವನು, ಹೇಡಿಯೆಂದು ಅವನನ್ನು ಊರಿಗೆ ಅಟ್ಟಲಿಲ್ಲ. ಸಂತೈಸಿದನು, ಬನ್ನಿಯ ಮರ ಹತ್ತಿ ಆಯುಧಗಳನ್ನು ಇಳಿಸೆಂದನು, ಯುದ್ಧ ನನಗಿರಲಿ, ಹಗ್ಗ ನೀನು ಹಿಡಿ ಎಂದನು. ನಡುಗುವ ಕೈಗೆ ಅದು ಮಾಡಬಲ್ಲ ಒಂದು ಕೆಲಸವನ್ನು ಕೊಟ್ಟನು. ಮುಂದೆ ಕುರುಕ್ಷೇತ್ರದಲ್ಲಿ ಅದೇ ಅರ್ಜುನನ ಬಾಯಿ ಒಣಗಿತು, ಮೈ ನಡುಗಿತು, ಕೈಯಿಂದ ಗಾಂಡೀವ ಜಾರಿತು. ಅದು ಹೇಡಿತನವಲ್ಲ, ವಿಷಾದ. ಮಹಾವೀರನ ಮೈಯೂ ಹುಡುಗನ ಮೈಯೂ ಒಂದೇ ಧರ್ಮವನ್ನು ಪಾಲಿಸುತ್ತವೆ. ಇಬ್ಬರಿಗೂ ರಥದಲ್ಲಿ ಜೊತೆಗೊಬ್ಬನಿದ್ದ, ಅದರಿಂದ ಉಳಿದರು.

ಆ ಹುಡುಗಿ ಮುಂದೆ ಪರೀಕ್ಷೆ ಬರೆದು ತೇರ್ಗಡೆಯಾದಳು. ಪರೀಕ್ಷೆಯ ಮೊದಲ ದಿನ ಗೇಟಿನ ಬಳಿ ನಿಂತಿದ್ದ ನಾನು, "ಹೊಟ್ಟೆ ಹೇಗಿದೆ ಮಗಾ?" ಎಂದು ಕೇಳಿದೆ. "ಸ್ವಲ್ಪ ನೋಯುತ್ತದೆ ಸಾರ್" ಎಂದಳು. "ನೋಯಲಿ, ಅದರ ಪಾಡಿಗೆ ಅದು. ಮೊದಲು ಹೆಸರು ಬರೆ, ಆಮೇಲೆ ಗೊತ್ತಿರುವ ಒಂದು ಉತ್ತರ ಬರೆ" ಎಂದೆ. ಗದರಿಸಿದ ದಿನ ಇಷ್ಟನ್ನೇ ಹೇಳಿದ್ದರೆ ಸಾಕಾಗಿತ್ತು.

ಮಾರ್ಚ್ ತಿಂಗಳು ಪ್ರತಿವರ್ಷವೂ ಬರುತ್ತದೆ. ನಮ್ಮ ಮನೆಗಳಲ್ಲಿ ಉತ್ತರಕುಮಾರರು ಇದ್ದೇ ಇರುತ್ತಾರೆ. ಅವರ ಎದುರಿಗೆ ನಗುವ ಸಭೆಯಾಗದೆ, ರಥದಲ್ಲಿ ಜೊತೆಗೆ ಕುಳಿತವರಾಗೋಣ ಎಂದು ಪ್ರಾರ್ಥಿಸುತ್ತೇನೆ.